ಎಲ್ಲವೂ ಪಾಸು

ಫಕ್ರುದ್ದೀನರ ಗ್ರಹಚಾರ ಕೆಟ್ಟಿದ್ದು ಎರಡು ಮಸಾಲೆ ವಡೆಯಿಂದ. ಅದನ್ನು ಸುತ್ತಿಕೊಟ್ಟ ಇಂಗ್ಲಿಷ್ ಪೇಪರಿನಲ್ಲಿ ‘ಯೂನಿವರ್ಸಲಿಸ್ಟ್’ ಎಂಬ ಉದ್ದನೆಯ ಪದವಿತ್ತು. ಅಕ್ಷರ ಕೂಡಿಸಿ ಓದಿದರು, ಅರ್ಥವಾಗಲಿಲ್ಲ. ಚನ್ನಪಟ್ಟಣದ ಆ ಟೀ ಅಂಗಡಿಯಲ್ಲಿ ರಿಟೈರ್ಡ್ ಮೇಷ್ಟ್ರು ವೆಂಕಟಯ್ಯ ಕೂತಿರುವಾಗ ಅರ್ಥಕ್ಕೇನು ಬರವೇ?

“ದೇವ್ರು ಒಬ್ರುನ್ನೂ ಕೈಬುಡಾಕಿಲ್ಲ, ಕೊನೇಗೆ ಎಲ್ರುನ್ನೂ ಸೇರಿಸ್ಕತಾನೆ ಅಂತ ನಂಬೋನು ಕಣಪ್ಪ. ಅವ್ನಿಗೆ ಎಲ್ರೂ ನಮ್ಮೋರೇ” ಎಂದರು ಮೇಷ್ಟ್ರು.

ಫಕ್ರುದ್ದೀನರ ಕಣ್ಣು ತುಂಬಿತು. ಗೊಂಬೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮರ ಕಡೆದು ಅವರ ಸೊಂಟ ಬಿದ್ದುಹೋಗಿತ್ತು. ಯಜಮಾನಿ ಬದ್ರುನ್ನೀಸಾ, ಪುಣ್ಯಾತ್ಗಿತ್ತಿ, ಕುರ್ಚಿ ಕೊಟ್ಟು ಚೆಕಿಂಗ್ ಕೆಲಸಕ್ಕೆ ಕೂರಿಸಿದ್ದರು. ತಿಂಗಳು ನೋಡಿ ಕಾಯಂ ಮಾಡುತ್ತೇನೆಂದಿದ್ದರು. ಆ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಕುರ್ಚಿಯೇನೋ ಸುಖ. ಆದರೆ ಸೊಟ್ಟ ಗೊಂಬೆಯನ್ನು ರಿಜೆಕ್ಟ್ ಬುಟ್ಟಿಗೆ ಹಾಕಿದಾಗೆಲ್ಲ ಮಾಡಿದವರ ಮುಖ ಸಣ್ಣಗಾಗುತ್ತಿತ್ತು. ಕುದುರೆ ಮಾಡುವ ಬೈರಮ್ಮನ ಮುಖವಂತೂ ದಿನಾ.

“ದೇವ್ರೇ ಪಾಸ್ ಮಾಡ್ತಾನಂತೆ, ನಾನ್ಯಾವ ದೊಡ್ಡ ಮನ್ಸ?” ಎಂದು ಕಾರ್ಖಾನೆಗೆ ಬಂದವರೇ ರಿಜೆಕ್ಟ್ ಬುಟ್ಟಿಯನ್ನು ಬೋರಲು ಹಾಕಿಬಿಟ್ಟರು.

ಮೂರೇ ಕಾಲೂರುವ ಬೈರಮ್ಮನ ಕುದುರೆ ಪಾಸು. ತಿರುಗದ ಬಗುರಿಯೂ ಪಾಸು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಫಕ್ರಣ್ಣ!” ಎಂದು ಬೈರಮ್ಮ ತನ್ನ ಡಬ್ಬಿಯ ಅವರೆಕಾಳು ಸಾರನ್ನೆಲ್ಲ ಅವರಿಗೇ ಬಗ್ಗಿಸಿದಳು. ಏನು ಮಾಡಿದರೂ ಪಾಸೆಂದು ತಿಳಿದ ಮೇಲೆ ಕೇಳಬೇಕೆ? ಕರಿಯಪ್ಪ ಆನೆಗೆ ಸೊಂಡಿಲು ಅಂಟಿಸುವುದನ್ನೇ ಮರೆತ.

“ಹಂದಿ ಅಂದ್ಕೊಂಬುಡಣ್ಣ” ಎಂದ. ಹಂದಿಯೂ ಪಾಸಾಯಿತು.

ಮೂರು ಗಂಟೆಗೆ ಬೆಂಗಳೂರಿನ ವ್ಯಾಪಾರಿ ಬಂದು ಪಾಸಾದ ಗೊಂಬೆಗಳ ಪೆಟ್ಟಿಗೆ ತೆರೆದ. ಮೇಜಿನ ಮೇಲಿಟ್ಟ ಕುದುರೆ ಮಕಾಡೆ ಮಲಗಿತು. ಇನ್ನೊಂದಿಟ್ಟ, ಅದೂ ಮಲಗಿತು. ಆಸಾಮಿ ಟೀ ಕೂಡ ಕುಡಿಯದೆ ಎದ್ದು ಹೋದ.

“ಏನ್ ಭಾಯ್ ಇದು?” ಎಂದರು ಬದ್ರುನ್ನೀಸಾ.

“ಯೂನಿವರ್ಸಲಿಸ್ಟ್ ಆಗ್ಬುಟ್ಟೆ ಆಪಾ” ಎಂದು ಫಕ್ರುದ್ದೀನ್ ಎಲ್ಲರೆದುರು ಮೇಷ್ಟ್ರ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದರು.

“ಚೆಂದಾಗೈತೆ. ನಾನೂ ಯಾರ್ನೂ ಕೈಬುಡಾಕಿಲ್ಲ, ನಿಮ್ಮುನ್ನೂವೆ” ಎಂದರು ಬದ್ರುನ್ನೀಸಾ. ಫಕ್ರುದ್ದೀನ್ ಕೈ ಮುಗಿಯುವಷ್ಟರಲ್ಲಿ ಮಾತು ಮುಂದುವರಿಯಿತು. “ಈಗ್ಲೇ ಹೋಗಿ ಹಳೇ ಮಿಷಿನ್‌ ಮುಂದೆ ಕೂತ್ಕಳ್ಳಿ. ಕುರ್ಚಿಗೆ ಬೈರಮ್ಮ ಬರ್ಲಿ. ತಪ್ಪು ಎಲ್ಲೆಲ್ಲಿ ಆಯ್ತದೆ ಅಂತ ಅವಳಿಗಿಂತ ಯಾರಿಗೆ ಗೊತ್ತು?”

ಸೊಂಟ ನೋಯುತ್ತಿದ್ದರೂ ಫಕ್ರುದ್ದೀನರಿಗೆ ನೆಮ್ಮದಿಯೇ. ಅನ್ನ ಉಳಿಯಿತು, ಮೇಲಾಗಿ ಚೆಕಿಂಗಿಗೆ ಕೂತವಳು ತಮ್ಮ ಉಪಕಾರ ಉಂಡವಳು. ಒಂದು ರಾಜನ ಗೊಂಬೆ ಕಡೆದು ಧೈರ್ಯವಾಗಿ ಕೊಟ್ಟರು. ಬೈರಮ್ಮ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ರಿಜೆಕ್ಟ್ ಬುಟ್ಟಿಗೆ ಹಾಕಿದಳು.

“ಬೈರಮ್ಮ! ದೇವ್ರು ಎಲ್ರುನ್ನೂ…”

“ಸೇರಿಸ್ಕತಾನೆ ಫಕ್ರಣ್ಣ, ಯಾರು ಇಲ್ಲ ಅಂದೋರು? ಆದ್ರೆ ‘ಕೊನೇಗೆ’ ಅಂತ ನೀನೇ ಹೇಳ್ದಲ್ಲ. ಈ ರಾಜನ್ನ ಒಸಿ ಕಡೆದು ಬಗುರಿ ಮಾಡು. ಅದೂ ಸೊಟ್ಟಾದ್ರೆ ಮಣಿ ಮಾಡು. ನಿನ್ನ ಋಣ ಐತೆ, ಕೊನೇಗೆ ಪಾಸ್ ಮಾಡೇ ಮಾಡ್ತೀನಿ.”

ಬಗುರಿಯೂ ಬುಟ್ಟಿ ಸೇರಿತು. ಸಂಜೆ ಆರಕ್ಕೆ, ಕಡಲೆಕಾಳಿನಷ್ಟಾಗಿದ್ದ ರಾಜ ಮಣಿಯಾಗಿ ಪಾಸಾದ. ಫಕ್ರುದ್ದೀನ್ ಸೊಂಟ ಹಿಡಿದುಕೊಂಡೇ ಎದ್ದು, ಆಕಾಶದತ್ತ ನೋಡಿ ಶುಕ್ರಿಯಾ ಹೇಳಿದರು.