ನಿಡೋಣಿಯ ಗಾಡಿಗೆ ಪ್ರೋಗ್ರಾಂ

ಜಲನಗರದಲ್ಲಿ ನನ್ನದು ಬ್ಯಾಟರಿ ಗಾಡಿಗಳ ರಿಪೇರಿ ಅಂಗಡಿ. ನಾನು ಹೇಳುವುದೊಂದು, ಗಿರಾಕಿಗಳು ತಿಳಿಯುವುದೊಂದು, ಇದು ಮಾಮೂಲು. ನಮ್ಮ ಕಡೆ ಗಾಲ್ಫ್ ಆಡುವವರನ್ನು ನಾನಂತೂ ಕಂಡಿಲ್ಲ, ಗಾಲ್ಫ್ ಗಾಡಿಗಳು ಮಾತ್ರ ಬಂದುಬಿಟ್ಟಿವೆ. ತಿಕೋಟಾದಲ್ಲಿ ಒಬ್ಬರು ಅದರಲ್ಲಿ ದ್ರಾಕ್ಷಿ ಹೊರುತ್ತಾರೆ. "ಇದಕ್ಕ ಗಾಲ್ಫ್ ಗಾಡಿ ಅಂತಾರ್ರಿ" ಅಂದೆ. "ಗೋಲ್ ಎಲ್ಲೈತ್ರಿ? ಚೌಕ ಐತಲ್ಲ!" ಅಂದರು.

೧. ಶಾಮಿಯಾನ

ನಿಡೋಣಿಯ ರೈತರೊಬ್ಬರು ತಾಯಿಗೆಂದು ಯಾವುದೋ ರೆಸಾರ್ಟಿನ ಹಳೆಯ ಗಾಡಿ ತಂದಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಆಯಿ ಮನೆಯೆದುರು ಓಣಿಯಾಚೆಯ ಹೊಲಕ್ಕೂ ಹೋಗಿರಲಿಲ್ಲ. ಬದುವಿನ ಮೇಲೆ ತಾನೇ ಹಚ್ಚಿದ ಬೇವಿನ ಗಿಡ ನೋಡಬೇಕೆಂದು ದಿನವೂ ಹಟ. ಆದರೆ ಗಾಡಿ ಅಂಗಳ ದಾಟುವುದರೊಳಗೆ ಚಹಾ ಆರುತ್ತಿತ್ತು.

ನಾನು ಫೋನಿನಲ್ಲಿ ಹೇಳಿದೆ: "ಕಂಟ್ರೋಲರಿನ್ಯಾಗ ವೇಗ ಕಟ್ಟಿ ಹಾಕ್ಯಾರ್ರಿ. ಪ್ರೋಗ್ರಾಂ ಮಾಡಬೇಕು. ರವಿವಾರ ಬರ್ತೀನಿ."

ಹೋಗಿ ನೋಡಿದರೆ ಶಾಮಿಯಾನ, ಕುರ್ಚಿಗಳು, ಅರ್ಧ ಊರು. ಸೊಸೆ ದೊಡ್ಡ ಪಾತ್ರೆಯಲ್ಲಿ ರವೆ-ಬೆಲ್ಲದ ಸಜ್ಜಕ ತಿರುವುತ್ತಿದ್ದಳು.

"ಪ್ರೋಗ್ರಾಂ ಎಷ್ಟಕ್ಕ ಸುರು ರೀ?" ಎಂದರು ರೈತರು. "ಅರಕೇರಿಯಿಂದ ಮೈಕಿನಾಂವ ಹೊಂಟಾನ. ಅಧ್ಯಕ್ಷರನ್ನ ನೀವೇ ಕರ್ಕೊಂಡು ಬರ್ತೀರೇನೋ ಅಂತ ಬಿಟ್ಟೀವಿ."

೨. ಗುಣ ಕೂಡಿದ್ದು

ಸೀಟು ಎತ್ತಿದೆ. ಕಂಟ್ರೋಲರಿನ ತಂತಿಗಳೆಲ್ಲ ಕೆಂಪು! ಯಾವುದು ಕರೆಂಟಿನದು, ಯಾವುದು ನನ್ನ ಯಂತ್ರದ ಜೊತೆ ಮಾತಾಡುವುದು, ದೇವರಿಗೇ ಗೊತ್ತು. ತಪ್ಪಿ ಸಿಕ್ಕಿಸಿದರೆ ಪ್ರೋಗ್ರಾಂ ಮಾಡುವ ನನ್ನ ಯಂತ್ರವೇ ಸುಟ್ಟುಹೋಗುತ್ತದೆ.

"ಪಂಪ್‌ಸೆಟ್ ರಿಪೇರಿಯಾಂವ ಹಾಕ್ಯಾನ್ರಿ" ಎಂದರು ರೈತರು. "ಅವನ ಕಡೆ ಅದೊಂದೇ ಸುರುಳಿ ಉಳದಿತ್ತು."

ಮೀಟರ್ ಹಿಡಿದು ಒಂದೊಂದೇ ತಂತಿ ನೋಡತೊಡಗಿದೆ. ಪಕ್ಕದ ಹೊರಸಿನ ಮೇಲಿದ್ದ ಆಯಿ ಕೇಳಿದಳು: "ಏನ ನೋಡಾಕತ್ತೀಯೋ ತಮ್ಮಾ?"

"ಹೊಂದಾಣಿಕಿ ನೋಡಾಕತ್ತೇನಿ ಆಯಿ. ನನ್ನ ಮಿಷನ್ನಿಗೂ ನಿಮ್ಮ ಗಾಡಿಗೂ ಕೂಡಿ ಬರಬೇಕಲ್ಲ."

"ಜಾತಕದಾಗ ಎಷ್ಟ ಗುಣಾ ಕೂಡ್ಯಾವು?"

ಅದಲುಬದಲಾಗಿದ್ದ ಎರಡು ತಂತಿ ಸರಿಮಾಡಿ, ಜೀವ ಕೈಯಲ್ಲಿ ಹಿಡಿದು ಯಂತ್ರ ಜೋಡಿಸಿದೆ. ದೀಪ ಹತ್ತಿತು. ಖುಷಿಗೆ "ಕೂಡಿತು!" ಎಂದು ಕೂಗಿಬಿಟ್ಟೆ. ಆಯಿ ಹರಸಲು ಕೈ ಎತ್ತಿದಳು. ನೆರೆದ ಹೆಂಗಸರೆಲ್ಲ ಗಾಡಿಯ ಮೇಲೂ ನನ್ನ ಮೇಲೂ ಅಕ್ಕಿಕಾಳು ಹಾಕಿದರು.

೩. ಹಿಂದೆ ಮುಂದೆ

ವೇಗ ಹೆಚ್ಚಿಸಿದ್ದೇನೋ ಬೇಗ ಮುಗಿಯಿತು. ತಂತಿಗಳ ಸಂದಿಯಿಂದ ಅಕ್ಕಿಕಾಳು ಆರಿಸುವುದರಲ್ಲಿ ಬೆವರಿಳಿಯಿತು. ಆ ಗಡಿಬಿಡಿಯಲ್ಲಿ ಕಳಚಿದ ಮೋಟಾರಿನ ಎರಡು ತಂತಿಗಳನ್ನು ಮತ್ತೆ ಸಿಕ್ಕಿಸಿದೆ. ಅವೂ ಕೆಂಪೇ.

ಗಾಡಿಯ ಮೂತಿ ಮನೆಯ ಕಡೆಗಿತ್ತು. ಆಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮಗ ಪೆಡಲು ಒತ್ತಿದರು. ಮುಂದೆ ಹೋಗಿ ತಿರುಗಬೇಕಾದ ಗಾಡಿ ಹಿಂದಕ್ಕೆ ಹಾರಿತು! ಶಾಮಿಯಾನದ ಹಗ್ಗ ಎಳೆದುಕೊಂಡು, ಓಣಿ ದಾಟಿ, ಹೊಲದ ಬದುವಿಗೆ ಹೋಗಿ ನಿಂತಿತು. ಹಿಂದೆಯೇ ನಾನೂ ಓಡಿದೆ.

ಆಯಿ ಬೇವಿನ ಗಿಡದ ಕೆಳಗೆ, ಗಾಡಿಯಲ್ಲೇ ಕುಳಿತಿದ್ದಳು. ಕೈಗೆಟುಕಿದ ಟೊಂಗೆ ಸವರುತ್ತಿದ್ದಳು, ಕಣ್ಣು ತುಂಬಿದ್ದವು. ನಾನು ಹತ್ತಿರ ಹೋಗಿ ಕೈಮುಗಿದೆ.

"ತಪ್ಪಾತ್ರಿ ಆಯಿ. ತಂತಿ ಬದಲಿ ಮಾಡಿ ಈಗ ಮುಂದ ಹೋಗೂ ಹಂಗ ಮಾಡ್ತೀನಿ."

"ಮುಟ್ಟಿಗಿಟ್ಟೀಯೋ ತಮ್ಮಾ! ಹಿಂಗೇ ಇರಲಿ" ಎಂದಳು ಆಯಿ ಕಣ್ಣೊರೆಸಿಕೊಂಡು. "ಹಿಂದಕ್ಕ ಹೋದ್ರ ನನ್ನ ಮಾರಿ ಮನಿ ಕಡೆ ಇರತೈತಿ. ಹೊಲಾನೂ ಬರತೈತಿ, ಸೊಸಿ ಸಜ್ಜಕಕ್ಕ ತುಪ್ಪಾ ಎಷ್ಟ ಸುರೀತಾಳ ಅನ್ನೂದೂ ಕಾಣತೈತಿ!"