ಸಮುದ್ರ ಕಾಣದವನು ಬರೆದ ಕಡಲ ದಾರಿ

ಸುಳ್ಳುಗಳಲ್ಲಿ ಎರಡು ಜಾತಿ. ಹೇಳುವಾಗಲೇ ನಮಗೆ ಹೆದರಿಕೆ ಹುಟ್ಟಿಸುವಂಥವು ಕೆಲವು. ಇನ್ನು ಕೆಲವು ಎಷ್ಟು ಸಾಧುವಾಗಿರುತ್ತವೆಂದರೆ, ಬರೆದು ಮುಗಿಸಿ ಕಾಫಿ ಕುಡಿಯುವವರೆಗೂ ಅವು ಸುಳ್ಳೆಂದೇ ತೋರುವುದಿಲ್ಲ. ನನ್ನದು ಎರಡನೆಯ ಜಾತಿಯದು. ಓದುಗರು ಕೈಬಿಡಲಾರರೆಂಬ ನಂಬಿಕೆಯಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಐವತ್ತನಾಲ್ಕು ವರ್ಷ ದಾಟಿದ ನಾನು ಇದುವರೆಗೆ ಸಮುದ್ರವನ್ನು ಕಣ್ಣಾರೆ ಕಂಡಿಲ್ಲ. ಕಾಣದಿರುವುದು ಅಪರಾಧವೇನಲ್ಲ. ಆದರೆ ಸಮುದ್ರದಂಚಿನ ಕಾಡಿನಲ್ಲಿ ಹೇಗೆ ನಡೆದಾಡಬೇಕೆಂದು ಒಂದೂವರೆ ಪುಟ ಬರೆದು, ಕೆಳಗೆ ಹೆಸರು ಹಾಕಿಸಿಕೊಂಡವನು ನಾನು.

ಇದು ಆದದ್ದು ಹೀಗೆ. ನಾನು ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಮಾಡುವವನು. ಕಾರು ಕೊಳ್ಳಲಿಲ್ಲ, ಕಾರಣ ಕೇಳಿದವರಿಗೆ ತತ್ವ ಎಂದು ಹೇಳುತ್ತೇನೆ, ಹೆಂಡತಿ ವಿಮಲಾ ಮಾತ್ರ ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಎರಡು ಸಲ ಕಂಬಕ್ಕೆ ಗುದ್ದಿದ್ದನ್ನು ಹೇಳುತ್ತಾಳೆ. ಹೀಗಾಗಿ ಬಸ್ಸುಗಳ ನಂಬರು ನನಗೆ ಬಾಯಿಪಾಠ. ಲಿಂಗಂಪಲ್ಲಿಯ ನಮ್ಮ ಕನ್ನಡ ಸಂಘದವರು ಇದನ್ನು ಕಂಡು, ತಿಂಗಳ ಪತ್ರಿಕೆಗೆ ಒಂದು ಅಂಕಣ ಬರೆಯಿರಿ ಎಂದರು. ಬಸ್ಸಿನಲ್ಲಿ ಹೋಗಿ ನಡೆದಾಡಿ ಬರಬಹುದಾದ ಜಾಗಗಳ ಬಗ್ಗೆ. ಮೊದಲ ವರ್ಷ ಕೆರೆಗಳು, ಬಂಡೆಗಳು, ಹಳೆಯ ಗೋರಿಗಳು, ಕೊಂಡಾಪುರದ ಗಿಡಮರಗಳ ತೋಟ ಎಲ್ಲವನ್ನೂ ನಿಜವಾಗಿ ನಡೆದು ನೋಡಿಯೇ ಬರೆದೆ. ಎರಡನೆಯ ವರ್ಷಕ್ಕೆ ಜಾಗಗಳು ಮುಗಿದವು. ಇದ್ದ ಕೆರೆಗಳಲ್ಲಿ ಎರಡನ್ನು ಅಪಾರ್ಟ್‌ಮೆಂಟುಗಳು ನುಂಗಿದ್ದವು. ಸಂಪಾದಕರು ಲೇಖನ ಎಲ್ಲಿ ಎಂದು ದಿನಾ ಫೋನು ಮಾಡುತ್ತಿದ್ದರು. ಒಂದು ಭಾನುವಾರ ಮೊಬೈಲಿನಲ್ಲಿ ಅದೂ ಇದೂ ಓದಿ, ಕರಾವಳಿಯ ಒಂದು ರಕ್ಷಿತ ಕಾಡಿನ ಬಗ್ಗೆ ಬರೆದುಬಿಟ್ಟೆ. ಅದರ ಹೆಸರನ್ನು ಇಲ್ಲಿ ಮತ್ತೆ ಹೇಳುವ ಧೈರ್ಯ ನನಗಿಲ್ಲ.

ಬರೆದದ್ದು ಚೆನ್ನಾಗಿಯೇ ಇತ್ತು, ಅದೇ ತೊಂದರೆ. ಲಿಂಗಂಪಲ್ಲಿಯಲ್ಲಿ ಸಂಜೆ ರೈಲುಗಾಡಿ ಹತ್ತಿ, ಬೆಳಿಗ್ಗೆ ಇಳಿದು, ಬಸ್ಸು ಹಿಡಿದರೆ ಕಾಡಿನ ಸ್ಟಾಪು. ಅಲ್ಲಿಂದ ‘ಹತ್ತೇ ನಿಮಿಷದ ಹಿತವಾದ ನಡಿಗೆ’. ಉಪ್ಪುನೀರಿನಲ್ಲಿ ಬೇರು ಮೇಲೆತ್ತಿ ನಿಂತ ಮರಗಳ ನಡುವೆ ಹಲಗೆಯ ಕಾಲುದಾರಿ, ಮುಖಕ್ಕೆ ಕಡಲಗಾಳಿ. ಆ ಹತ್ತು ನಿಮಿಷ ಎಲ್ಲಿಂದ ಬಂತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹಿಂದಿನ ಎಲ್ಲ ಲೇಖನಗಳಲ್ಲೂ ಹತ್ತು ನಿಮಿಷವೇ ಇತ್ತು, ಕೈ ತಾನಾಗಿ ಬರೆದಿರಬೇಕು.

ಪತ್ರಿಕೆ ಬಂದ ಮೂರನೆಯ ದಿನ ಸುಶೀಲಾಬಾಯಿ ಮನೆಗೆ ಬಂದರು. ನಮ್ಮ ಮೇಲಿನ ಮಹಡಿಯವರು, ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಎರಡೂ ಮೊಣಕಾಲು ಸವೆದಿವೆ. ಬರುವ ತಿಂಗಳು ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಕ್ಕೆ ಮುಂಚೆ ತಂಗಿಯ ಜೊತೆ ಒಮ್ಮೆ ಸಮುದ್ರದ ಕಡೆ ನಡೆದು ಬರಬೇಕೆಂದು ಅವರಿಗೆ ಆಸೆ. ಆಪರೇಷನ್ ಆದಮೇಲೆ ಕಾಲು ಹೇಗಾಗುತ್ತದೋ ಯಾರಿಗೆ ಗೊತ್ತು ಎಂದರು. ನಿಲ್ಲದೆ ಕಾಲು ಗಂಟೆ ನಡೆಯಬಹುದು, ಅದಕ್ಕಿಂತ ಹೆಚ್ಚು ಬೇಡವೆಂದು ಡಾಕ್ಟರು ಹೇಳಿದ್ದಾರಂತೆ. ‘ನೀವು ಹತ್ತು ನಿಮಿಷ ಅಂತ ಬರದದ್ದು ನೋಡಿ ಟಿಕೆಟ್ ತಗಸೀನ್ರಿ’ ಎಂದು ನಕ್ಕರು.

ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ಬಿಸಿಲು ಜಾಸ್ತಿ ಎಂದೆ. ಅವರು ಛತ್ರಿ ಇದೆ ಎಂದರು. ಅಲ್ಲಿ ಮಂಗಗಳ ಕಾಟ ಎಂದೆ. ನಲವತ್ತು ಮಕ್ಕಳ ಕ್ಲಾಸು ನಡೆಸಿದವಳು ನಾನು ಎಂದರು. ಅವರು ಹೋದ ಮೇಲೆ ವಿಮಲಾ ಕೇಳಿದ್ದು ಒಂದೇ ಮಾತು: ಆ ಹೆಂಗಸು ದಾರಿಯಲ್ಲಿ ಕೂತುಬಿಟ್ಟರೆ ಎತ್ತುವವರು ಯಾರು? ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಮಾನ ಹೋಗುತ್ತದೆಂಬ ಭಯ ಒಂದು ಕಡೆ, ಅವರ ಕಾಲಿನ ಚಿಂತೆ ಇನ್ನೊಂದು ಕಡೆ. ಮಾನದ್ದೇ ಕೈ ಮೇಲಾಗಿತ್ತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹೊರಡುವ ದಿನ ಸಂಜೆ ಮೋಸಂಬಿ ಹಿಡಿದುಕೊಂಡು ಸ್ಟೇಷನ್ನಿಗೆ ಹೋದೆ. ಗಾಡಿ ಅಲ್ಲಿಂದಲೇ ಹೊರಡುವುದರಿಂದ ಪ್ಲಾಟ್‌ಫಾರ್ಮಿನಲ್ಲಿ ಬಹಳ ಹೊತ್ತು ನಿಂತಿರುತ್ತದೆ. ತಂಗಿ ಒಳಗೆ ಸಾಮಾನು ಹೊಂದಿಸುತ್ತಿದ್ದರು. ಸುಶೀಲಾಬಾಯಿ ಬೆಂಚಿನ ಮೇಲೆ ಕೂತು ನನ್ನ ಲೇಖನವನ್ನೇ ಓದುತ್ತಿದ್ದರು. ಹೈದರಾಬಾದಿನ ಕನ್ನಡಿಗರಿಗೆ ಒಂದು ಚಟ ಇದೆ: ಬಾಗಿಲು ದಾಟಿದರೆ ತೆಲುಗು, ಇಲ್ಲವೆ ಹಿಂದಿ, ಗುಟ್ಟಿನ ಮಾತು ಬಂದಾಗ ಮಾತ್ರ ಕನ್ನಡ, ಅದೂ ಗಟ್ಟಿಯಾಗಿ, ಸುತ್ತಲಿನವರಿಗೆಲ್ಲ ಕಿವಿಯೇ ಇಲ್ಲವೆಂಬಂತೆ. ನಾನೂ ಅದನ್ನೇ ಮಾಡಿದೆ.

‘ಆ ಹತ್ತು ನಿಮಿಷ ಐತಲ್ರಿ, ಅದು ಸ್ವಲ್ಪ ಹೆಚ್ಚೂ ಆಗಬಹುದು’ ಎಂದೆ, ಕಾಡಿನ ಹೆಸರನ್ನೂ ಸ್ಟಾಪಿನ ಹೆಸರನ್ನೂ ಗಟ್ಟಿಯಾಗಿ ಹೇಳಿ.

‘ಎಷ್ಟು ಹೆಚ್ಚ್ರಿ?’

‘ಒಂದು ಹದಿನೈದು ಹಿಡೀರಿ.’

ಪಕ್ಕದಲ್ಲಿ ಗಂಟುಮೂಟೆಗಳ ಮೇಲೆ ಕೂತಿದ್ದ ಕೂಲಿ ಹೆಂಗಸೊಬ್ಬಳು ಇತ್ತ ತಿರುಗಿದಳು. ಯಾದಗಿರಿ ಕಡೆಯವಳು, ಗುಂಪಿನೊಡನೆ ಅದೇ ಗಾಡಿಗೆ ಬೇರೊಂದು ಕಟ್ಟಡದ ಕೆಲಸಕ್ಕೆ ಹೊರಟಿದ್ದವಳು. ‘ಹದಿನೈದಕ್ಕ ಆಗಂಗಿಲ್ರಿ ಯಪ್ಪಾ’ ಎಂದಳು. ‘ಗಟ್ಟಿ ಕಾಲಿದ್ದವರಿಗೇ ತಾಸು ಬೇಕು. ಒಳಗಿನ ಹಲಗಿ ದಾರಿಗೆ ಕಂಬ ನಿಲ್ಲಿಸಿದವರು ನಾವ ಅದೀವಿ.’

ಸುಶೀಲಾಬಾಯಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ತಪ್ಪು ಲೆಕ್ಕ ಬರೆದ ಹುಡುಗರನ್ನು ಹಾಗೆಯೇ ನೋಡುತ್ತಿದ್ದರೇನೋ.

‘ನೀವು ಅಲ್ಲಿಗೆ ಹೋಗೀರೋ ಇಲ್ಲೋ?’

‘ಇಲ್ರಿ. ನಾ ಸಮುದ್ರಾನ ನೋಡಿಲ್ಲ’ ಎಂದೆ. ಹೇಳಿದ ಮೇಲೆ ಮೈ ಹಗುರಾಯಿತು ಎಂದು ಬರೆಯುವುದು ವಾಡಿಕೆ. ನನಗೆ ಹಾಗೇನೂ ಆಗಲಿಲ್ಲ; ಕಿವಿ ಬಿಸಿಯಾಯಿತು, ಅಷ್ಟೇ.

ಅವರು ಬೈಯಲಿಲ್ಲ. ಚೀಲದಿಂದ ಪೆನ್ನು ತೆಗೆದು ಆ ಹೆಂಗಸಿನ ಕಡೆ ಸರಿದು ಕೂತರು. ಆಕೆ ಹೇಳುತ್ತ ಹೋದಳು, ಇವರು ನನ್ನ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿ ಅಂಚಿನಲ್ಲಿ ಬರೆದುಕೊಂಡರು. ಆ ಸ್ಟಾಪಿನಲ್ಲಿ ಇಳಿಯಬಾರದು, ಮುಂದಿನ ಊರಲ್ಲಿ ಇಳಿದರೆ ಷೇರ್ ಆಟೋ ಬಾಗಿಲವರೆಗೆ ಬಿಡುತ್ತದೆ. ನೀರು ಇಳಿದಿರುವ ಹೊತ್ತು ನೋಡಿ ಹೋದರೆ ಕೆಸರಿನಲ್ಲಿ ಕೆಂಪು ಏಡಿ ಕಾಣುತ್ತವೆ. ಒಳಗೆ ಅಂಗಡಿ ಇಲ್ಲ, ಕುಡಿಯುವ ನೀರು ಇರಲಿ. ಅಲ್ಲಿ ನಿಂತರೆ ಅಲೆ ಕಾಣುವುದಿಲ್ಲ, ಕೇಳುವುದೂ ಇಲ್ಲ. ಸಮುದ್ರ ಬೇಕಾದರೆ ಇನ್ನೊಂದು ಬಸ್ಸು ಹಿಡಿಯಬೇಕು. ‘ಎರಡನೇ ತಿರುವಿನ್ಯಾಗ ಕುಂದರ್ರಿ ಅವ್ವಾರ, ಗಾಳಿ ಭಾಳ ಚಲೋ ಬರ್ತೈತಿ’ ಎಂದಳು. ‘ನಾವು ಅಲ್ಲೇ ರೊಟ್ಟಿ ತಿಂತಿದ್ವಿ. ಕೆಲಸ ಮುಗದ ಮ್ಯಾಲೆ ನೋಡಿಲ್ರಿ, ಈಗ ಟಿಕೆಟ್ ಇಟ್ಟಾರಂತ.’ ಗಾಡಿ ಕೂಗಿತು. ಆಕೆ ಮೂಟೆ ಹೊತ್ತು ಜನರಲ್ ಡಬ್ಬಿಯ ಕಡೆ ಓಡಿದಳು. ಮೋಸಂಬಿ ನನ್ನ ಕೈಯಲ್ಲೇ ಉಳಿಯಿತು.

ಅಕ್ಕತಂಗಿಯರು ಕಾಡನ್ನೂ ಕಡಲನ್ನೂ ನೋಡಿ ಸುಖವಾಗಿ ಬಂದರು. ಆ ಹೆಂಗಸು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲವಂತೆ. ಆಪರೇಷನ್ನೂ ಚೆನ್ನಾಗಿ ಆಯಿತು. ನಾನು ಪಶ್ಚಾತ್ತಾಪಪಟ್ಟು, ಸುಶೀಲಾಬಾಯಿ ಅಂಚಿನಲ್ಲಿ ಬರೆದುಕೊಂಡಿದ್ದನ್ನೆಲ್ಲ ತರಿಸಿಕೊಂಡು, ಮುಂದಿನ ಸಂಚಿಕೆಗೆ ಪೂರ್ತಿ ಹೊಸದಾಗಿ ಬರೆದೆ. ಆಟೋ, ಏಡಿ, ಎರಡನೆಯ ತಿರುವಿನ ಗಾಳಿ, ಯಾವುದನ್ನೂ ಬಿಡಲಿಲ್ಲ. ಸಂಘದವರು ಫೋನು ಮಾಡಿ, ಅನುಭವದಿಂದ ಬಂದ ಬರಹ ಅಂದರೆ ಇದು ಎಂದರು. ನಾನು ಎರಡು ದಿನ ಬೀಗಿದೆ, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಸುಶೀಲಾಬಾಯಿಯನ್ನು ನೋಡಲು ಮೇಲೆ ಹೋದೆ. ಕಾಲನ್ನು ದಿಂಬಿನ ಮೇಲಿಟ್ಟು ಪತ್ರಿಕೆ ಓದುತ್ತಿದ್ದರು. ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿ, ಪುಟ ಹಿಂದೆ ಮುಂದೆ ತಿರುವಿ ನೋಡಿದರು.

‘ಆಕೀ ಹೆಸರು ಎಲ್ಲಿ ಹಾಕೀರಿ?’

ಬಸ್ಸಿನ ನಂಬರು, ಇಳಿಯುವ ಊರು, ನೀರು ಇಳಿಯುವ ಹೊತ್ತು, ಎಲ್ಲವೂ ಅದರಲ್ಲಿತ್ತು. ಆಕೆಯ ಹೆಸರನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ. ಲೇಖನದ ಕೆಳಗೆ ದಪ್ಪ ಅಕ್ಷರದಲ್ಲಿ ಇದ್ದದ್ದು ನನ್ನ ಹೆಸರು.