ಬಾಡಿಗೆ ಇಂಜಿನ್ನಿನ ತವರುಮನೆ

ನಗಬೇಕೋ ಅಳಬೇಕೋ ತಿಳಿಯದಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಪೊಲೀಸ್ ಆ್ಯಕ್ಷನ್ ಮುಗಿದು, ಕಚೇರಿಗಳಲ್ಲಿ ಉರ್ದು ಹೋಗಿ ಮರಾಠಿ ಇನ್ನೂ ಸರಿಯಾಗಿ ಕೂತಿರದ ಕಾಲ. ಉಮರ್ಗಾದ ನಮ್ಮ ಮಾಲಕರು ಮುಂಬಯಿಯ ಕಂಪನಿಯೊಂದರಿಂದ ನೀರೆತ್ತುವ ಮೂರು ಎಣ್ಣೆ ಇಂಜಿನ್ ತಂದು ರೈತರಿಗೆ ಬಾಡಿಗೆಗೆ ಕೊಡತೊಡಗಿದರು. ನಾನು ಅವನ್ನು ನಡೆಸುವ, ರಿಪೇರಿ ಮಾಡುವ ಮಿಸ್ತ್ರಿ. ಬಾವಿಗೊಂದು ಇಂಜಿನ್ ಬರುವ ಕಾಲ ದೂರವಿಲ್ಲ, ನಿನಗೆ ಸಾಯುವತನಕ ಕೆಲಸ ಎಂದಿದ್ದರು. ನಾನೂ ನಂಬಿದ್ದೆ. ಆದರೆ ನಮ್ಮ ಸೀಮೆಯ ಜನಕ್ಕೆ ಬಾಡಿಗೆ ಎಂದರೆ ಮನೆ ಮತ್ತು ಟಾಂಗಾ ಮಾತ್ರ. ಎತ್ತು, ಬಂಡಿ ಎಲ್ಲ ಬೀಗರಲ್ಲಿ ಕೇಳಿ ತರುವವು.

ಸೋಮವಾರ

ಮೊದಲ ಇಂಜಿನ್ ಯೆಣೆಗೂರಿಗೆ ಹೋಯಿತು, ಜೊತೆಗೆ ನಾನು. ಸೋಮವಾರ ಬೆಳಿಗ್ಗೆ ಅದನ್ನು ಚಾಲೂ ಮಾಡಲು ಹೋದರೆ ಹೊಲದ ಯಜಮಾನರು ಅಡ್ಡ ನಿಂತರು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಎತ್ತಿನ ಕೆಲಸ ಮಾಡುವ ಇಂಜಿನ್ನಿಗೂ ಅದೇ ನೇಮ ಎಂದರು. ಅದರ ಮೈ ತೊಳೆದು ವಿಭೂತಿ ಹಚ್ಚಿದರು. ನನಗೂ ಬಿಡುವು ಸಿಕ್ಕಿತೆಂದು ಬೇವಿನ ನೆರಳಲ್ಲಿ ಕಾಲು ಚಾಚಿದೆ. ಅವರು ಬಂದು ನನ್ನ ಕೈಗೆ ಕೊಡ, ಹಗ್ಗ ಕೊಟ್ಟು ಬದನೆ ಸಸಿ ತೋರಿಸಿದರು.

"ಇವತ್ತ ಬಿಡುವಲ್ಲೇನ್ರೀ?" ಎಂದೆ.

"ಅದು ಎತ್ತಿಗ್ರೀ. ನೀವೇನ್ ಎತ್ತೇನ್ರೀ?"

ಬೀಗರ ಹಾದಿ

ಕಂಪನಿಯ ಸಾಹೇಬರು ಶುಕ್ರವಾರ ಬರುತ್ತಾರೆಂದು ಸುದ್ದಿ ಬಂತು. ಒಂದು ಇಂಜಿನ್ ಕಾಣದಿದ್ದರೂ ಮೂರನ್ನೂ ವಾಪಸ್ ಒಯ್ಯುವುದೆಂದು ಕರಾರು. ಇಂಜಿನ್ ಹೋದರೆ ನನ್ನ ಅನ್ನವೂ ಹೋದಂತೆ. ಎರಡು ಇಂಜಿನ್ ಮಾಲಕರ ಅಂಗಳಕ್ಕೆ ವಾಪಸ್ ಬಂದಿದ್ದವು. ಮೂರನೆಯದನ್ನು ತರಲು, ಅದನ್ನು ಬಾಡಿಗೆಗೆ ಕೊಟ್ಟಿದ್ದ ನಿಲಂಗಾಕ್ಕೆ ಓಡಿದೆ. ಅಲ್ಲಿ ಬಾವಿ ಇತ್ತು, ಇಂಜಿನ್ ಇರಲಿಲ್ಲ. ಮಗಳನ್ನು ಕೊಟ್ಟ ಬೀಗರು ಕೇಳಿದಾಗ ಇಲ್ಲ ಎನ್ನಲು ಬರುತ್ತದೆಯೇ ಎಂದು ಬಾಡಿಗೆಗೆ ಒಯ್ದವರು ನನ್ನನ್ನೇ ಕೇಳಿದರು. ಶಿರೂರ ಅನಂತಪಾಳದ ಆ ಬೀಗರು ಅದನ್ನು ಆಗಲೇ ಉದಗೀರದ ತಮ್ಮ ಬೀಗರಿಗೆ ಕಳಿಸಿದ್ದರು. ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ. ನಿಲಂಗಾದವರು ಮಾತ್ರ ನೆಮ್ಮದಿಯಿಂದ ಎಲೆ ಅಡಿಕೆ ಕೊಟ್ಟರು.

"ಉದಗೀರಕ್ಕ ಹೊಂಟೀರೇನ್ರೀ? ಛಲೋ ಆತು. ಬರೂವಾಗ ಸಾಸ್ತೂರದ ನಮ್ಮ ಭಾವನ ಮನಿಗಿ ಇಂಜಿನ್ ಮುಟ್ಟಿಸಿಬಿಡ್ರಿ."

ಉಡಿ

ಉದಗೀರದ ಹತ್ತಿರದ ತೋಟದಲ್ಲಿ ಇಂಜಿನ್ ಸಿಕ್ಕಿತು. ಮನೆಯ ಹಿರಿಯಳು ಒಬ್ಬ ಅಜ್ಜಿ. ಮರುದಿನ ಅಮಾವಾಸ್ಯೆ, ಕಳಿಸುವುದಿಲ್ಲ ಎಂದಳು. ನನ್ನ ನೌಕರಿ ಹೋಗುತ್ತದೆ ಎಂದು ಕೈ ಮುಗಿದೆ. ಆಕೆ ಮರುಗಿ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

"ಆಕಿ ತವರಿಗಿ ಹೊಂಟಾಳಪ್ಪ. ಅಮಾಸಿ ಮುಂದ, ಬರೀ ಉಡೀಲೆ ಹ್ಯಾಂಗ ಕಳಸ್ಲಿ?"

ಅಮಾವಾಸ್ಯೆ ಕಳೆದ ಮೇಲೆ ಇಂಜಿನ್ನಿಗೆ ಕುಂಕುಮ ಹಚ್ಚಿ, ಹಸಿರು ಖಣ ಉಡಿಸಿ, ಅದರಲ್ಲಿ ಅಕ್ಕಿ, ತೆಂಗಿನಕಾಯಿ ಕಟ್ಟಿ ಬಂಡಿ ಹತ್ತಿಸಿದರು. ಶುಕ್ರವಾರ ದಾಟಿ ಉಮರ್ಗಾ ಮುಟ್ಟಿದಾಗ ಸಾಹೇಬರು ಉಳಿದೆರಡನ್ನೂ ಲಾರಿಗೆ ಏರಿಸಿಯಾಗಿತ್ತು. ಇದನ್ನು ಸುತ್ತು ಹಾಕಿ ನೋಡಿದರು, ಇದನ್ನೂ ಏರಿಸಿದರು. ಮಾಲಕರ ಹೆಂಡತಿ ಅಳುತ್ತ ಬಂದು, ದೂರ ಹೋಗುವವಳೆಂದು ಮತ್ತೊಮ್ಮೆ ಉಡಿ ತುಂಬಿದರು. ನಾಳೆಯಿಂದ ಬರಬೇಡ ಎಂದು ಮಾಲಕರು ನನ್ನನ್ನು ಮಾತ್ರ ಬರಿಗೈಯಲ್ಲಿ ಕಳಿಸಿದರು.

ಕರೆಯಲು ಬಂದವರು

ಆಮೇಲೆ ಊರೂರು ಸುತ್ತಿದೆ. ಎಲ್ಲೂ ಕೆಲಸವಿಲ್ಲ. ಸುಮ್ಮನೆ ಆ ಖಾಲಿ ಅಂಗಳಕ್ಕೇ ಹೋಗಿ ಕೂಡುತ್ತಿದ್ದೆ. ಒಂದು ದಿನ ಉದಗೀರದ ಅಜ್ಜಿಯ ಮಗ ಬಂಡಿ ಕಟ್ಟಿಕೊಂಡು ಬಂದ. ತವರಿಗೆ ಬಂದು ಬಹಳ ದಿನವಾಯಿತು, ಇಂಜಿನ್ ಕರೆದುಕೊಂಡು ಹೋಗುತ್ತೇನೆ ಎಂದ. ಮುಂಬಯಿಗೆ ಹೋದಳು ಎಂದೆ. ಅಷ್ಟು ದೂರ ಯಾಕೆ ಕೊಟ್ಟಿರಿ ಎಂದು ನೊಂದುಕೊಂಡು, ಬಂಡಿ ಖಾಲಿ ಒಯ್ಯಬಾರದೆಂದು ನನ್ನನ್ನು ಹತ್ತಿಸಿಕೊಂಡ. ಹಸಿವಿತ್ತು, ಹತ್ತಿದೆ.

ಅಂದಿನಿಂದ ನಾನು ಅವರ ಬಾವಿಯ ನೀರೆಳೆಯುವ ಆಳು. ಇಂಜಿನ್ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲುತ್ತಿದ್ದೆ. ಮೊದಲ ಸೋಮವಾರ ಬೆಳಿಗ್ಗೆ ಕೊಡ ಹಿಡಿದು ಹೋದರೆ ಅಜ್ಜಿ ಓಡಿ ಬಂದು ಹಗ್ಗ ಕಸಿದುಕೊಂಡಳು. ನನ್ನ ಹಣೆಗೆ ವಿಭೂತಿ ಹಚ್ಚಿ, ಬೇವಿನ ನೆರಳಿಗೆ ಕರೆದೊಯ್ದು, ಎತ್ತುಗಳ ಪಕ್ಕ ಕೂಡಿಸಿದಳು.

"ಇವತ್ತ ಸೋಮಾರಪ್ಪ. ಸುಮ್ಮ ಕೂಡು."